ರೈಟರ ಕಾರ್ಡುಗಳ ಸಾಲು

ಕಳೆದ ವಾರ ಪಂಚನಹಳ್ಳಿ ಕಡೆಯ ಪರಿಚಯದವರು ಒಂದು ಚೀಲ ಕೊಬ್ಬರಿ ತಂದುಕೊಟ್ಟರು. ಚಟ್ನಿಪುಡಿಗೆಂದು ಒಂದು ಗಿಟುಕು ಒಡೆದಾಗ ಎದ್ದ ಎಣ್ಣೆಯ ಘಮಕ್ಕೆ ಕೈ ಹಾಗೇ ನಿಂತಿತು. ಕಡೂರಿನ ಮಂಡಿ, ಅಲ್ಲಿನ ಉದ್ದನೆಯ ಮರದ ಪೆಟ್ಟಿಗೆ, ಅದರ ಮುಂದೆ ಕೂತ ರೈಟರು...

ಎಂಬತ್ತರ ದಶಕದ ಮಾತು. ಟೈಪಿಂಗ್ ಲೋಯರ್ ಪಾಸಾಗಿದೆ ಎಂದು ನನ್ನನ್ನು ಆ ಕೊಬ್ಬರಿ ಮಂಡಿಗೆ ಸೇರಿಸಿಕೊಂಡಿದ್ದರು. ಅಲ್ಲಿನ ಹಳೆಯ ಗುಮಾಸ್ತರೇ ಈ ರೈಟರು. ನಮ್ಮ ಕಡೆ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಅದಕ್ಕೆ ಮೊದಲೇ ಒಡೆದರೆ ಬೂಷ್ಟು ಹಿಡಿದು ಆ ಮನೆಯವರ ವರ್ಷದ ದುಡಿಮೆ ಮಣ್ಣುಪಾಲು. ಅದಕ್ಕೇ ರೈಟರು ಬಸ್ಸು ಹಿಡಿದು ಊರೂರು ಸುತ್ತಿ, ಏಣಿ ಹತ್ತಿ, ಕಾಯಿ ಅಲ್ಲಾಡಿಸಿ ಕೇಳಿ ಬರುತ್ತಿದ್ದರು. ಬಂದವರು ಪೆಟ್ಟಿಗೆಯಲ್ಲಿದ್ದ ಆ ಮನೆಗಳ ಕಾರ್ಡುಗಳನ್ನು ಒಂದಿಷ್ಟು ಮುಂದಕ್ಕೋ ಹಿಂದಕ್ಕೋ ಸರಿಸುತ್ತಿದ್ದರು. ನನಗೆ ಅದು ವಯಸ್ಸಾದವರು ಜಪಮಣಿ ಎಣಿಸಿದ ಹಾಗೆ ಕಾಣುತ್ತಿತ್ತು. ಸೋಮವಾರ ಲಾರಿ ಯಾವ ಮನೆಗೆ ಹೋಗಬೇಕೆಂದು ಅವರು ಹೇಳಿದರೆ ಮುಗಿಯಿತು.

ಮಂಡಿಯ ಸಾಹುಕಾರರಿಗೆ ಕಂಪ್ಯೂಟರ್ ಹುಚ್ಚು ಹತ್ತಿಸಿದ್ದು ಈ ರೈಟರೇ ಎಂದರೆ ಈಗ ಯಾರೂ ನಂಬುವುದಿಲ್ಲ. ಅವರ ಕಣ್ಣು ಹೋಗುತ್ತಿತ್ತು. ಇನ್ನೇನೂ ಮಾಡಲಾಗದು ಎಂದು ಚಿಕ್ಕಮಗಳೂರಿನ ಡಾಕ್ಟರು ಕೈಚೆಲ್ಲಿದ್ದನ್ನು ನನಗೊಬ್ಬಳಿಗೇ ಹೇಳಿದ್ದರು.

"ಕಣ್ಣು ಹೋಗೋದ್ರೊಳಗೆ ನನ್ ತಲೇಲಿರೋದೆಲ್ಲ ಆ ಮಿಷನ್ನಿಗೆ ಹೋಗ್ಬಿಡ್ಲಿ ಕಣಮ್ಮ. ಆಮೇಲೆ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ."

ಮುಂದಿನ ವರ್ಷಗಳಲ್ಲಿ ಮಂಡಿ ಹೇಗೆ ನಡೆಯಬೇಕು ಎಂದು ದಪ್ಪಕ್ಷರದಲ್ಲಿ ಬರೆದು ಸಾಹುಕಾರರನ್ನು ಒಪ್ಪಿಸಿದ್ದರು. ಬೆಂಗಳೂರಿನಿಂದ ಫಾರಂಗಳು ಬಂದವು. ತುಂಬಿ ಕಳಿಸಿದರೆ ಅಲ್ಲಿಯವರು ಕಂಪ್ಯೂಟರಿಗೆ ಹಾಕಿ ಪಟ್ಟಿ ಮಾಡಿ ಕಳಿಸುವ ಏರ್ಪಾಡು. ಅಷ್ಟರಲ್ಲಿ ರೈಟರು ಮೊಮ್ಮಗನ ನಾಮಕರಣಕ್ಕೆ ತರೀಕೆರೆಯ ಮಗಳ ಮನೆಗೆ ಹೊರಟರು. ಹೆಸರು, ಊರು ತುಂಬಿಸಿರು, ಮಿಕ್ಕಿದ್ದನ್ನು ಬಂದು ಹೇಳುತ್ತೇನೆ ಎಂದರು.

ಹೆಸರುಗಳು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿರಬೇಕು ಎಂದು ಫಾರಮ್ಮಿನ ತಲೆಯಲ್ಲೇ ಅಚ್ಚಾಗಿತ್ತು. ಅಲ್ಪವಿದ್ಯಾ ಮಹಾಗರ್ವಿ. ನಾನು ಮೂರು ದಿನ ಕೂತು ಪೆಟ್ಟಿಗೆಯ ಕಾರ್ಡುಗಳನ್ನೆಲ್ಲ ಹೊರಗೆ ಸುರಿದು, ಎ-ಯಿಂದ ಶುರುಮಾಡಿ ಅಚ್ಚುಕಟ್ಟಾಗಿ ಜೋಡಿಸಿಟ್ಟೆ. ರೈಟರು ಹೊಗಳುತ್ತಾರೆ ಎಂದೇ ಕಾಯುತ್ತಿದ್ದೆ.

ಬಂದವರು ಪೆಟ್ಟಿಗೆಗೆ ಕೈ ಹಾಕಿದರು. ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ಒಂದು ಕಾರ್ಡು ಎತ್ತಿ ಕಣ್ಣ ಹತ್ತಿರ ಹಿಡಿದು, ಓದಲಾಗದೆ ಇಟ್ಟರು.

"ಯಾರಮ್ಮ ಇದನ್ನ ಮುಟ್ಟಿದ್ದು?"

ಆಗ ಗೊತ್ತಾಯಿತು. ಯಾವ ಅಟ್ಟದ ಕಾಯಿ ಯಾವಾಗ ಒಣಗುತ್ತದೆ ಎಂದು ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ. ಸಾಲಿನಲ್ಲಿ ಕಾರ್ಡು ನಿಂತ ಜಾಗವೇ ಅದರ ಲೆಕ್ಕ. ಆ ಸಾಲನ್ನೇ ಫಾರಮ್ಮಿಗೆ ಇಳಿಸಬೇಕೆಂದು ಅವರಿದ್ದರು. ವರ್ಷಗಟ್ಟಲೆ ಪಕ್ಕದಲ್ಲೇ ಕೂತಿದ್ದ ನನಗೆ ಇದು ಗೊತ್ತಿದ್ದೇ ಇರುತ್ತದೆ ಎಂದುಕೊಂಡಿದ್ದರು.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಒಂದೊಂದೇ ಹೆಸರು ಓದುತ್ತಾ ಹೋದೆ, ಅವರು ಮುಂದಿಡು, ಹಿಂದಿಡು ಎನ್ನುತ್ತಾ ಬಂದರು. ಐವತ್ತು ಕಾರ್ಡು ದಾಟುವಷ್ಟರಲ್ಲಿ ಮೊದಲು ಹೇಳಿದ್ದೂ ಕಲೆಸಿಹೋಯಿತು. ಮತ್ತೆ ಊರೂರು ಸುತ್ತಿ ಕೇಳಿ ಬರೋಣವೆಂದರೆ ಏಣಿಯ ಮೆಟ್ಟಿಲೇ ಅವರಿಗೆ ಕಾಣುತ್ತಿರಲಿಲ್ಲ.

ಸೋಮವಾರ ಲಾರಿ ಡ್ರೈವರು ಬಾಗಿಲಲ್ಲಿ ನಿಂತು ಯಾವ ಊರಿಗೆ ಎಂದು ಕೇಳಿದ. ರೈಟರು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಗೊತ್ತಿಲ್ಲ ಕಣಪ್ಪ" ಎಂದರು. ಆ ಮಾತು ಅವರ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ಸಾಹುಕಾರರು ಮೊದಲನೆಯ ಕಾರ್ಡು ತೆಗೆದು ಲಾರಿ ಕಳಿಸಿದರು. ಸಖರಾಯಪಟ್ಟಣದ ಅಡವೀಶಪ್ಪನವರ ಮನೆ. ಆ ಅಟ್ಟದ ಕಾಯಿಗೆ ಇನ್ನೂ ಮೂರು ತಿಂಗಳು ಬೇಕಿತ್ತಂತೆ. ಲಾರಿ ಬಂತೆಂದು ಮನೆಯವರು ಅಷ್ಟನ್ನೂ ಒಡೆದುಬಿಟ್ಟಿದ್ದರು, ಅಷ್ಟೂ ಬೂಷ್ಟು ಹಿಡಿಯಿತು.

ಆ ಸುದ್ದಿ ಬಂದ ದಿನ, ಕಣ್ಣಿನ ಜೊತೆ ರೈಟರ ಬುದ್ಧಿಯೂ ಹೋಗಿದೆ, ಅದಕ್ಕೇ ಈ ಮಿಷನ್ನಿನ ಹುಚ್ಚು ಎಂದರು ಸಾಹುಕಾರರು. ನಾನು ಟೈಪ್‌ರೈಟರಿನ ಮುಂದೆಯೇ ಕೂತಿದ್ದೆ. ರೈಟರು ನನ್ನ ಕಡೆ ತಿರುಗಲೂ ಇಲ್ಲ.

"ಮಿಷನ್ನಿಂದೇನೂ ತಪ್ಪಿಲ್ಲ ಸಾವ್ಕಾರ್ರೇ. ನಾನೇ ಹೇಳೋದು ತಡ ಮಾಡ್ಬಿಟ್ಟೆ." ಅಷ್ಟು ಹೇಳಿ ಚಪ್ಪಲಿ ತಡಕಿ ಮೆಟ್ಟಿಕೊಂಡು ಹೊರಟರು. ಮತ್ತೆ ಮಂಡಿಗೆ ಬರಲಿಲ್ಲ.

ಮರುವರ್ಷ ತರೀಕೆರೆಗೆ ಹೋಗಿ ನೋಡಿದೆ. ಕಣ್ಣು ಪೂರ್ತಿ ಹೋಗಿತ್ತು, ದನಿಯಲ್ಲೇ ಗುರುತು ಹಿಡಿದರು. ಪಟ್ಟಿ ಬಂತೇ ಎಂದು ಕೇಳಿದರು. ಬಂತು, ಚೆನ್ನಾಗಿ ಬಂದಿದೆ ಎಂದೆ.

"ಮೊದಲ್ನೇ ಹೆಸರು ಯಾರ್ದಮ್ಮ?"

ಸುಳ್ಳು ಹೇಳೋಣವೆಂದರೆ ಯಾರ ಹೆಸರು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. "ಅಡವೀಶಪ್ಪನೋರ್ದು" ಎಂದೆ. ಅವರು ಒಳಗೆ ಮಗಳನ್ನು ಕೂಗಿ, ನನಗೆ ಕಾಫಿ ಕೊಡಲು ಹೇಳಿದರು.

ರೈಟರು ಹೋಗಿ ಬಹಳ ವರ್ಷಗಳಾದವು. ಅವರ ಹಿಂದೆಯೇ ಸಾಹುಕಾರರೂ ಹೋದರು. ಕಾರ್ಡು ಮುಟ್ಟಿದವಳು ನಾನು. ಆ ದಿನ, ಮಂಡಿಯಲ್ಲಿ, ಎಲ್ಲರೆದುರು ಎದ್ದು ನಿಂತು ಹೇಳಬೇಕಾಗಿದ್ದ ಮಾತು ಇದು. ಯಾರಿಗೂ ಉಪಯೋಗವಿಲ್ಲದ ಹೊತ್ತಿನಲ್ಲಿ ಬರೆದಿಡುತ್ತಿದ್ದೇನೆ.