ಗ್ಯಾಸಿನ ಗುಂಡಿಗೆ ಬೀಳದ ಅನ್ನ

ನಮ್ಮ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಹಸಿರಾಗಲು ಹೊರಟಾಗ ಮೊದಲು ಬಂದದ್ದು ಬೋರ್ಡುಗಳು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದರೆ, ಗೇಟಿನಿಂದ ಹಾಸ್ಟೆಲ್ಲಿನವರೆಗೂ ಮರಕ್ಕೊಂದು ಬೋರ್ಡು: ಮರ ಉಳಿಸಿ. ಅದನ್ನು ಮರಕ್ಕೇ ಮೊಳೆ ಬಡಿದು ಹಾಕಿದ್ದರು. ಹಸಿರು ಸಮಿತಿಯ ಅಧ್ಯಕ್ಷರಾದ ಪ್ರೊಫೆಸರು ಸೋಮವಾರಗಳಂದು ಸೈಕಲ್ಲಿನಲ್ಲಿ ಬರುತ್ತಿದ್ದರು. ಮೈಸೂರಿನಿಂದ ಗೇಟಿನವರೆಗೆ ಕಾರು, ಗೇಟಿನಿಂದ ಆಫೀಸಿಗೆ ಸೈಕಲ್ಲು. ಹಿಂದೆಯೇ ಅವರ ಬ್ಯಾಗನ್ನು ಕೂರಿಸಿಕೊಂಡು ಕಾರು ಮೆಲ್ಲಗೆ ಬರುತ್ತಿತ್ತು. ಹಾಸ್ಟೆಲ್ ಅಡುಗೆಮನೆಯ ಹೆಂಗಸರು ನಾವು ಕಿಟಕಿಯಲ್ಲಿ ನಿಂತು ನಗುತ್ತಿದ್ದೆವು. ಹಾಗೆ ನಗುವ ಯೋಗ್ಯತೆ ನನಗಂತೂ ಇರಲಿಲ್ಲ.

ಬೋರ್ಡುಗಳಾದ ಮೇಲೆ ಗ್ಯಾಸ್ ಘಟಕ ಬಂತು. ಹಾಸ್ಟೆಲ್ಲಿನಲ್ಲಿ ಉಳಿದ ಅನ್ನ, ಸಾರು, ತರಕಾರಿ ಸಿಪ್ಪೆ ಎಲ್ಲವನ್ನೂ ಗುಂಡಿಗೆ ಹಾಕಿ ಕಲಕಿದರೆ ಗ್ಯಾಸ್ ಹುಟ್ಟಬೇಕು, ಅದರಲ್ಲೇ ಅಡುಗೆ ಆಗಬೇಕು. ಅದನ್ನು ನೋಡಿಕೊಳ್ಳಲು ನನ್ನ ತಮ್ಮನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರು. ಐಟಿಐ ಮಾಡಿ, ನಂಜನಗೂಡಿನ ಫ್ಯಾಕ್ಟರಿ ಗೇಟುಗಳಲ್ಲಿ ನಿಂತು ಸಾಕಾಗಿದ್ದವನು. ಕ್ಯಾಂಪಸ್ಸು ಎಷ್ಟು ಹಸಿರಾಗಿದೆ ಎಂದು ಪರಿಶೀಲಿಸಲು ಹೊರಗಿನಿಂದ ಬರುವ ತಂಡ ಮೆಚ್ಚಿದರೆ ಕೆಲಸ ಮುಂದುವರಿಯುತ್ತದೆ ಎಂದು ಪ್ರೊಫೆಸರು ಹೇಳಿದ್ದರು. ಆ ಮಾತನ್ನು ನೆಚ್ಚಿಕೊಂಡು ಮನೆಯಲ್ಲಿ ಅವನಿಗೆ ಹೆಣ್ಣು ನೋಡಲು ಶುರುಮಾಡಿದ್ದೆವು.

ಅಡುಗೆಮನೆಯಿಂದ ಗುಂಡಿಗೆ ಬಕೆಟ್ ಸಾಗಿಸುವುದು ನನ್ನ ಕೆಲಸ.

ನಮ್ಮ ಮನೆಯಲ್ಲಿ ಎರಡು ಹಸುಗಳಿವೆ. ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ, ಸಿಪ್ಪೆ ಎಲ್ಲ ಸೇರಿದ ಕಲಗಚ್ಚು ಹಸುವಿನ ಪಾಲು ಎಂದೇ ನಾವು ಬೆಳೆದವರು. ಅನ್ನವನ್ನು ಮಣ್ಣಿನ ಗುಂಡಿಗೆ ಸುರಿಯಲು ನನಗೆ ಕೈ ಬರಲಿಲ್ಲ. ನೀರು ಬಸಿದು ಗಟ್ಟಿಯಾದದ್ದನ್ನು ಡ್ರಮ್ಮಿಗೆ ತುಂಬಿ, ತಮ್ಮನ ಕಣ್ಣು ತಪ್ಪಿಸಿ ಊರಿನ ಲಗೇಜ್ ಆಟೋದಲ್ಲಿ ಮನೆಗೆ ಕಳಿಸುತ್ತಿದ್ದೆ, ಪಾತ್ರೆ ತೊಳೆದ ನೀರನ್ನು ಗುಂಡಿಗೆ ಹಾಕುತ್ತಿದ್ದೆ. ಅನ್ನದ ಮೇಲಿನ ಭಕ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಹಾಲು ಹೆಚ್ಚಿದ ಮೇಲೆ ಭಕ್ತಿಯೂ ಹೆಚ್ಚಿತು.

ಗ್ಯಾಸು ಮಾತ್ರ ಏಳಲೊಲ್ಲದು. ತಮ್ಮ ಗುಂಡಿಗೆ ಬಗ್ಗಿ ಮೂಸಿ ನೋಡುತ್ತಿದ್ದ, ಕಲಕುತ್ತಿದ್ದ. ಕೊನೆಗೆ ನಮ್ಮ ಕೊಟ್ಟಿಗೆಯ ಸಗಣಿಯನ್ನೇ ಹೊತ್ತು ತಂದು ಹಾಕಿದ. ಗುಂಡಿಯ ಅನ್ನ ಹೇಗೋ ಗುಂಡಿಗೇ ಸೇರಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ತಂಡ ಬರುವ ಹಿಂದಿನ ದಿನ ಪ್ರೊಫೆಸರು ಬಂದು, ಗೋಡೆಯ ಹಿಂದೆ ಒಂದು ಸಿಲಿಂಡರ್ ಇಟ್ಟು ಪೈಪು ಕೊಡು ಎಂದರು. ತಮ್ಮ ಒಪ್ಪಲಿಲ್ಲ.

"ಬ್ಯಾಡಿ ಸಾ. ನಂದು ಉರೀತದೆ. ಮೋಸ ಯಾಕೆ?"

ಅಲ್ಲೇ ಬಕೆಟ್ ಹಿಡಿದು ನಿಂತಿದ್ದ ನಾನು ತಲೆ ತಗ್ಗಿಸಿದೆ.

ಮಾರನೆಯ ದಿನ ಎಲ್ಲರ ಮುಂದೆ ತಮ್ಮ ಒಲೆ ಹಚ್ಚಿದ. ನೀಲಿ ಉರಿ ಎದ್ದಿತು, ಪ್ರೊಫೆಸರು ಚಪ್ಪಾಳೆ ತಟ್ಟಿದರು, ಉರಿ ಆರಿತು. ಟೀ ಪಾತ್ರೆ ತಣ್ಣಗೇ ಕೂತಿತ್ತು. ತಂಡದ ಹಿರಿಯರೊಬ್ಬರು ಗುಂಡಿಗೆ ಏನೇನು ಹಾಕುತ್ತೀರಿ ಎಂದು ಕೇಳಿದರು.

"ಅಡುಗೆಮನೇದು ಪೂರಾ ಇಲ್ಗೇ ಬತ್ತದೆ ಸಾ. ಬೇಕಾರೆ ನಮ್ಮಕ್ಕುನ್ನೇ ಕೇಳಿ," ಎಂದ ತಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು.

"ಊಂ ಸಾ. ಪೂರಾ," ಎಂದೆ.

ಅಷ್ಟೇ ನಾನು ಆಡಿದ್ದು. ತಂಡದವರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಗೋಡೆಯ ಹಿಂದೆ ಸಿಲಿಂಡರ್ ಬಂದಿತ್ತು. ಟೀ ಕುದಿಯಿತು. ಅವರು ಕುಡಿದು, ಹೊಗಳಿ, ಹೊರಟರು. ತಿಂಗಳ ಕೊನೆಗೆ ತಮ್ಮನನ್ನು ಕೆಲಸದಿಂದ ಬಿಡಿಸಿದರು. ಹೆಣ್ಣಿನ ಕಡೆಯವರು ಬರಲೇ ಇಲ್ಲ.

ಆಮೇಲೆ ಅವನು ಬನ್ನೂರಿನ ಕಡೆ ಕಬ್ಬಿನ ಲೋಡಿಗೆ ಹೋಗತೊಡಗಿದ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು: "ಎಲ್ಲಿ ತಪ್ದೆ ಅಂತಾನೇ ಗೊತ್ತಾಯ್ತಿಲ್ಲ ಕಣಕ್ಕ. ಐಟಿಐ ಓದಿ ಒಂದ್ ಗುಂಡಿ ಕಲಕಕ್ಕೆ ಬರ್ನಿಲ್ವಲ್ಲ ನಂಗೆ." ಎಷ್ಟೋ ಸಲ ಕೇಳಿಸಿಕೊಂಡೆ. ಒಂದು ಮಧ್ಯಾಹ್ನ ತಡೆಯಲಾಗದೆ ಹೇಳಿಬಿಟ್ಟೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಬೇರೆ.

"ಅಂಗಾರೆ ನಾನ್ ಮಾಡಿದ್ದು ಸರಿಯಾಗಿತ್ತಾ?"

"ಸರಿಯಾಗಿತ್ತು ಕಣೋ."

"ಓಗಿ ಅದ್ನ ಅವ್ರ ಮುಂದೆ ಏಳು."

ಹೋದೆ. ಏಳನೇ ತರಗತಿಯ ಆಚೆ ಓದದ ನಾನು ಪ್ರೊಫೆಸರ ಮುಂದೆ ನಿಂತು, ಗುಂಡಿಯ ಅನ್ನ ನನ್ನ ಹಸು ತಿಂದಿತು, ತಪ್ಪು ನನ್ನದು, ಹುಡುಗನದಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಏನಮ್ಮಾ ನೀವು? ಘಟಕ ಚೆನ್ನಾಗಿ ನಡೀತಿದೆ ಅಂತ ತಂಡದವರೇ ಬರೆದುಕೊಟ್ಟಿದ್ದಾರೆ. ನಮ್ಮಲ್ಲಿ ಗ್ಯಾಸ್ ನಿಂತೇ ಇಲ್ಲ. ನಿಲ್ಲದೇ ಇರೋದಕ್ಕೆ ನೀವು ತಪ್ಪು ಒಪ್ಕೊಂಡ್ರೆ ಹೇಗೆ?"

"ಮತ್ತೆ ನನ್ ತಮ್ಮುನ್ನ ಯಾಕ್ ಬುಡಿಸಿದ್ರಿ ಸಾ?"

"ಅವನು ಗ್ಯಾಸ್ ಉರಿಸಲಿಲ್ಲವಲ್ಲ!"

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ತಮ್ಮ ಜೋರಾಗಿ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ನಾನೂ ಜೊತೆಗೆ ನಗಲು ಹೋದೆ. ಅವನು ಥಟ್ಟನೆ ನಿಲ್ಲಿಸಿದ.

"ಅವ್ರು ಬುಡು, ಬ್ಯಾರೇರು. ನಾನು ನಿನ್ನೇ ಕೇಳಿ ಅಂದಿದ್ದೆ ಕಣಕ್ಕ."

ಎದ್ದು ಹೋಗಿ ತಟ್ಟೆ ತಂದುಕೊಂಡ. ನಾನು ಸೌಟು ಹಿಡಿದು ಬಗ್ಗಿದಾಗ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಡಿಸಿಕೊಂಡ. ಈಗಲೂ ಹಾಗೆಯೇ ಬಡಿಸಿಕೊಳ್ಳುತ್ತಾನೆ.