ಹೊಸ ಗಂಧಕ

ನನ್ನ ಅಕ್ಕನಿಗೆ ಹದಿನಾಲ್ಕಕ್ಕೆ ಶುರುವಾದ ಮೊಡವೆ ಇಪ್ಪತ್ತೊಂದಾದರೂ ನಿಂತಿರಲಿಲ್ಲ. ತಿಂಗಳಿಗೊಮ್ಮೆ ಗಲ್ಲದ ಮೇಲೆ, ಹಣೆಯ ಅಂಚಿನಲ್ಲಿ ಗುಂಪಾಗಿ ಏಳುತ್ತಿದ್ದವು. ಒಡೆದು ಕಲೆ ಬಿಟ್ಟು ಹೋಗುವಷ್ಟರಲ್ಲಿ ಮತ್ತೆ ಬರುತ್ತಿದ್ದವು. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಂತೂ ಇಡೀ ಮುಖ ಉರಿ. ಕಡಲೆಹಿಟ್ಟಿನಿಂದ ತೊಳೆಯುವುದು, ಜಾಜಿಕಾಯಿ ತೇಯ್ದು ಹಚ್ಚುವುದು, ಕರಿದದ್ದು ಮುಟ್ಟದಿರುವುದು, ಎಲ್ಲ ಮಾಡಿ ನೋಡಿದ್ದಳು. ಊರ ಬಾಲವಾಡಿಯಲ್ಲಿ ಅವಳು ಮಕ್ಕಳಿಗೆ ಕಲಿಸುತ್ತಿದ್ದಳು. ಒಂದು ಮಗು ಅವಳ ತೊಡೆ ಏರಿ ಕೂತು, ಗಲ್ಲ ಮುಟ್ಟಿ, "ಅಕ್ಕೋರ, ನಿಮಗ ಸೊಳ್ಳಿ ಭಾಳ ಕಡದಾವ?" ಅಂತ ಕೇಳಿತ್ತಂತೆ. ಅದನ್ನು ನಮಗೆ ನಗುತ್ತಲೇ ಹೇಳಿದ್ದಳು.

ಅವಳಿಗೆ ತುಸುವಾದರೂ ಹಿಡಿಸಿದ್ದು ಗಂಧಕ. ಗುಡಗೇರಿಯ ಸುತ್ತಿನ ನಮ್ಮ ಊರುಗಳಲ್ಲಿ ಹಿಂಗಾರಿ ಜೋಳ ಬಿತ್ತುವ ಮೊದಲು, ತೆನೆಗೆ ಕಾಡಿಗೆ ರೋಗ ಬರದಿರಲೆಂದು ಬೀಜವನ್ನು ಮಡಕೆಗೆ ಹಾಕಿ ಗಂಧಕದ ಹಳದಿ ಪುಡಿ ಸೇರಿಸಿ ಅಲುಗಾಡಿಸುತ್ತಿದ್ದರು. ಮಡಕೆಯ ತಳದಲ್ಲಿ ಉಳಿದ ಪುಡಿ ಹೆಂಗಸರದು. ಹುಡುಗರ ಕಜ್ಜಿಗೆ, ಹುಡುಗಿಯರ ಮೊಡವೆಗೆ ಅದನ್ನು ಬೆಣ್ಣೆಯಲ್ಲಿ ಕಲಸಿ ಹಚ್ಚುವುದು ರೂಢಿ. ಬಿತ್ತನೆಯ ದಿನವನ್ನು ಅಪ್ಪನಿಗಿಂತ ಅಕ್ಕನೇ ಹೆಚ್ಚು ಕಾಯುತ್ತಿದ್ದಳು.

ಆ ವರ್ಷ ನಾನು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಒಂದು ರವಿವಾರ ಮನೆಗೆ ಬಂದಾಗ ಅಪ್ಪ ಗಂಧಕದ ಬದಲು ಬೇರೊಂದು ಪುಡಿಯ ಡಬ್ಬಿ ತಂದಿದ್ದ. ಬೂದಿ ಬಣ್ಣದ ಪುಡಿ. ಡಬ್ಬಿಯ ಮೇಲೆ ತಲೆಬುರುಡೆ, ಸುತ್ತ ಇಂಗ್ಲಿಷು.

"ಓದಿ ಹೇಳವಾ. ನಿನ್ನ ಕಾಲೇಜು ನನಗೂ ಒಂದೀಟು ಉಪಯೋಗ ಆಗ್ಲಿ," ಅಂದ.

ದನದ ಮನೆಯ ಮುಂದೆ ನಿಂತು ಓದಿದೆ. ಪಾದರಸ ಬೆರೆತದ್ದು, ವಿಷ. ಚೀಲ ಬೀಜಕ್ಕೆ ಎಷ್ಟು ಹಾಕಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕೈಯನ್ನು ಸಾಬೂನಿನಿಂದ ತೊಳೆಯಬೇಕು, ಉಳಿದ ಬೀಜ ದನಕ್ಕೆ ಹಾಕಬಾರದು, ಎಲ್ಲ ಬಿಡಿಸಿ ಹೇಳಿದೆ. ಅಪ್ಪ ನಾನು ಹೇಳಿದ ಹಾಗೆಯೇ ಮಾಡಿದ. ಡಬ್ಬಿಯನ್ನು ಕೈಗೆ ಸಿಗದಂತೆ ಮೇಲೆ ಜಂತಿಯಲ್ಲಿ ಸಿಕ್ಕಿಸಿಟ್ಟ. ಆದರೆ ಮಾತಿನಲ್ಲಿ ಅವನು ಅದನ್ನು ಕರೆದದ್ದು "ಹೊಸಾ ಗಂಧಕ" ಎಂದು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅದರ ಸಪ್ಪಳ ನನಗೆ ಕೇಳುತ್ತಿತ್ತು. ನಾನು ಓದಿದ್ದು ಅವಳಿಗೆ ಕೇಳುವಂತಿರಲಿಲ್ಲ. ಎತ್ತುಗಳ ಬಗ್ಗೆ ಎಚ್ಚರ ಹೇಳಿದ ನಾನು ಒಳಗೆ ಹೋಗಿ ಊಟ ಮಾಡಿ, ಅಕ್ಕನಿಗೆ ಏನೂ ಹೇಳದೆ, ಸಂಜೆಯ ಗಾಡಿಗೆ ಹೋದೆ.

ಎಂಟು ದಿನಕ್ಕೆ ದಸರೆಯ ರಜೆ. ಮಧ್ಯಾಹ್ನ ಮನೆಗೆ ಬಂದರೆ ಅಕ್ಕ ಪಡಸಾಲೆಯಲ್ಲಿ ಕನ್ನಡಿ ಹಿಡಿದು ಕೂತಿದ್ದಳು. ಗಲ್ಲಗಳು ಕೆಂಪಗೆ ಹೊಳೆಯುತ್ತಿದ್ದವು. ಕಿವಿಯ ಹತ್ತಿರ ಚರ್ಮ ಸುಲಿದು ನೀರು ಒಸರುತ್ತಿತ್ತು. ಎಡಗಣ್ಣಿನ ರೆಪ್ಪೆ ಬಾತು ಅರ್ಧ ಮುಚ್ಚಿತ್ತು.

"ನೋಡಿಲ್ಲಿ, ಅಗದಿ ಜೋರೈತಿ ಇದು," ಅಂದಳು ಹಿಗ್ಗಿನಿಂದ. "ಆರ ದಿನದಾಗ ಎಲ್ಲಾ ಕಿತ್ಕೊಂಡು ಹೊರಗ ಬರಾಕತ್ತೈತಿ."

"ಉಷ್ಣ ಹೊರಗ ಬೀಳೂಮುಂದ ಹಂಗ ಆಕ್ಕೈತಿ," ಅಂದಳು ಅವ್ವ ಒಳಗಿನಿಂದ.

ಅಕ್ಕನ ಅಂಗೈಯಲ್ಲಿದ್ದ ಬೆಣ್ಣೆ ಬೂದಿ ಬಣ್ಣಕ್ಕಿತ್ತು. ಬೆಣ್ಣೆ ಯಾಕೆ ಹೀಗಿದೆ ಎಂದು ಒಂದು ಕ್ಷಣ ನನಗೆ ತಿಳಿಯಲಿಲ್ಲ.

"ಏನದು?"

"ಹೊಸಾ ಗಂಧಕ. ಅಪ್ಪ ಮಡಕಿ ಹಿತ್ತಲದಾಗ ಇಟ್ಟಿದ್ದ. ತಳಾ ಕೆರಕೊಂಡೆ."

ಅವಳ ಕೈಗೆ ಹೊಡೆದೆ. ಬೆಣ್ಣೆ ನೆಲಕ್ಕೆ ಬಿತ್ತು.

"ಹುಚ್ಚ ಹಿಡದೈತೇನ ನಿನಗ? ಇದ್ದದ್ದ ಇಷ್ಟ ಇತ್ತು."

"ಬಾಯಾಗ ಏನರ ರುಚಿ ಬರತೈತೇನ?"

ಅವಳು ಕನ್ನಡಿ ಕೆಳಗಿಟ್ಟಳು. "ತಾಮ್ರದ ತಂಬಿಗಿ ನೆಕ್ಕಿದಂಗ ಆಗತೈತಿ, ಮೂರ ದಿನದಿಂದ. ನಿನಗ ಹೆಂಗ ಗೊತ್ತು?"

ಸಾಬೂನು ಹಚ್ಚಿ ಕೊಡಗಟ್ಟಲೆ ನೀರು ಸುರಿದು ಮುಖ ತೊಳೆದೆ. ಹೊಲದಿಂದ ಅಪ್ಪನನ್ನು ಕರೆಸಿ, ಚಕ್ಕಡಿಯಲ್ಲಿ ಗುಡಗೇರಿ ಸ್ಟೇಷನ್ನಿಗೆ ಹೋದೆವು. ಹುಬ್ಬಳ್ಳಿಯ ಗಾಡಿಗೆ ಇನ್ನೂ ಹೊತ್ತಿತ್ತು. ಬಾಜೂಕ್ಕೆ ಉಳ್ಳಾಗಡ್ಡಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಅಕ್ಕನನ್ನು ದಿಟ್ಟಿಸಿ, "ಯಾಕ ತಂಗಿ, ಖಾರಾ ಕುಟ್ಟಿ ಅದರಾಗ ಮಲಗಿದ್ದೇನ?" ಅಂದಳು.

ಅಕ್ಕ ನಕ್ಕಳು. ನಕ್ಕಾಗ ತುಟಿಯ ಅಂಚು ಸೀಳಿ ರಕ್ತ ಬಂತು. ಅವಳು ಸೆರಗಿನಿಂದ ಒರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ನನ್ನ ತೋಳು ಹಿಡಿದು, "ಸಪ್ಪಳ ಕೇಳಿತಲ್ಲ, ಗಾಡಿ ಬಂತೇನ?" ಎಂದು ಕೇಳಿದಳು.

ಗಾಡಿ ನಮ್ಮೆದುರಿಗೇ ನಿಂತಿತ್ತು. ಅವಳ ಎರಡೂ ಕಣ್ಣು ಬಾತು ಮುಚ್ಚಿಹೋಗಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಒಸಡು ಒತ್ತಿ ನೋಡಿದರು. ಎರಡೂ ಕೈ ಮುಂದೆ ಚಾಚಿಸಿ ಬಹಳ ಹೊತ್ತು ನೋಡಿದರು. "ಕಣ್ಣಿನ ಬಾವು ಇಳೀತದ, ಚರ್ಮಾನೂ ಬರ್ತದ. ಒಳಗ ಎಷ್ಟು ಹೋಗೇದ ಅನ್ನೂದು ಈಗ ಹೇಳಾಕ ಬರೂದಿಲ್ಲ. ಒಂದು ವರ್ಷ ಕೈ ನೋಡಕೋತ ಇರ್ರಿ. ನಡುಗಿದ್ರ ತಡಾ ಮಾಡದ ಕರಕೊಂಡು ಬರ್ರಿ."

ಹೊರಗೆ ಬಾಕಿನ ಮೇಲೆ ಅಪ್ಪ ನನ್ನ ಕಡೆ ನೋಡದೆ ಹೇಳಿದ: "ನೀ ಹೇಳಿದ್ದೆಲ್ಲಾ ನಾ ಮಾಡಿದ್ನಲ್ಲವಾ."

ಅದು ನಿಜ. ಹೇಳದೆ ಬಿಟ್ಟದ್ದು ನಾನು.

ನಾಲ್ಕನೇ ದಿನ ಅವಳ ಕಣ್ಣು ತೆರೆದವು. ಮುಖದ ಚರ್ಮ ಪದರುಪದರಾಗಿ ಎದ್ದು ಹೋಯಿತು. ಕೆಳಗಿನ ಹೊಸ ಚರ್ಮದ ಮೇಲೆ ಎರಡು ತಿಂಗಳಿಗೇ ಮೊಡವೆ ಮತ್ತೆ ಬಂದವು. ಅವ್ವ ಅವನ್ನು ನೋಡಿ ಸಮಾಧಾನಪಟ್ಟಳು. ಅಕ್ಕ ಬರೀ ತಣ್ಣೀರಿನಿಂದ ತೊಳೆದು ಬಿಟ್ಟುಬಿಡುತ್ತಿದ್ದಳು.

ಆಮೇಲೆ ಉಳಿದದ್ದು ಅವಳ ಕೈಗಳು. ಲೋಟ ಜಾರಿದರೆ ನಾವು ಮೂವರೂ ಒಮ್ಮೆಲೇ ತಿರುಗುತ್ತಿದ್ದೆವು. ಯಾಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಅವಳು ಜಂಪರಿಗೆ ಗುಂಡಿ ಹಚ್ಚಲು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಮ್ಮೆ ತಪ್ಪಿತು. ಇನ್ನೊಮ್ಮೆ ತಪ್ಪಿತು. ನಾನು ಪುಸ್ತಕದಿಂದ ತಲೆ ಎತ್ತಿದೆ. ಅವಳು ಸೂಜಿ ಕೆಳಗಿಟ್ಟು ಎರಡೂ ಕೈ ನನ್ನೆದುರು ಚಾಚಿದಳು.

"ನೋಡಿ ಮುಗಿಸು," ಅಂದಳು. "ಡಾಕ್ಟರ ಹೇಳಿದ್ದು ನನಗೂ ಕೇಳಿತ್ತು. ನನ್ನ ಕಣ್ಣಷ್ಟ ಮುಚ್ಚಿದ್ವು."

ಅವಳ ಬೆರಳುಗಳನ್ನು ಹಿಡಿದು ನೋಡಿದೆ. ಏನೋ ಸಣ್ಣಗೆ ನಡುಗುತ್ತಿತ್ತು. ಅವಳ ಕೈಯೋ ನನ್ನ ಕೈಯೋ ತಿಳಿಯದೆ, ಬಿಡಲಿಕ್ಕೂ ಹೆದರಿ, ಹಿಡಿದುಕೊಂಡೇ ಕೂತೆ.