ಬೈಕಿಗೆ ಹೇಳಿದ ಮಾತು

ಗೋವಾದ ಝುವಾರಿನಗರದ ಚಹಾದಂಗಡಿ ಮುಂದೆ ಗಂಡ ಹೆಂಡತಿ ಕೆಲಸಕ್ಕೆ ಹೊರಟಿದ್ದರು. ಹೊತ್ತಾಗಿತ್ತು. “ಜಗಳಾಡಿ ಇಬ್ರೂ ಮಾತು ಬಿಟ್ಟಾರ್ರಿ,” ಎಂದು ಅಂಗಡಿಯವ ನನಗೆ ಪಿಸುಗುಟ್ಟಿದ. ರಾತ್ರಿಯ ಮಳೆಗೆ ತಣ್ಣಗಾಗಿದ್ದ ಹಳೆಯ ಬೈಕಿಗೆ ಗಂಡ ಒಂದೇ ಸಮನೆ ಕಿಕ್ ಹೊಡೆಯುತ್ತಿದ್ದ.

“ಚೋಕ್ ಎಳೀಲಾರ್ದ ಬರೇ ಒದ್ದರ ನೀನರ ಹೆಂಗ ಏಳ್ತಿ?” ಎಂದು ಹೆಂಡತಿ ಬೈಕನ್ನು ಕೇಳಿದಳು.

ಆತ ಚೋಕ್ ಎಳೆದ. ಮರು ಒದೆತಕ್ಕೇ ಎಂಜಿನ್ ಎದ್ದಿತು. ಕೂಡಲೇ ಗೇರ್ ಹಾಕಹೋದ.

“ಬೆಚ್ಚಗಾಗೂತನಕ ನಿಲ್ಲು,” ಎಂದು ಮತ್ತೆ ಬೈಕಿಗೇ ಅಪ್ಪಣೆಯಾಯಿತು.

ನನ್ನ ಚಹಾ ಮುಗಿಯುವಷ್ಟರಲ್ಲಿ ಸದ್ದು ಹದಕ್ಕೆ ಬಂತು. ಆತ ಚೋಕ್ ಒಳಗೆ ತಳ್ಳಿದ. ಆಕೆ ಹಿಂದೆ ಹತ್ತಿ ಕುಳಿತಳು. ಆತ ಟ್ಯಾಂಕ್ ತಟ್ಟಿ, “ಹಿಂದ ಕುಂತಾಕಿಗೆ ಗಟ್ಟಿ ಹಿಡ್ಕೋ ಅಂತ ಹೇಳಪಾ,” ಎಂದ.

ಆಕೆ ಆತನ ಹೆಗಲ ಮೇಲೆ ಕೈಯಿಟ್ಟಳು.

“ಹೇಳೈತಿ, ನಡೀರಿ.”